ಜಯನಗರದ ಜರ್ಮನ್ ತರಗತಿ: ಸ್ವಯಂಸೇವೆಗೆ ಹೊರಟವರಿಗೆ ಹೇಗಿದೆ?

ಪದವಿಯ ನಂತರ ಜರ್ಮನಿಯಲ್ಲಿ ‘ಎಫ್‌ಎಸ್‌ಜೆ’ ಎಂಬ ಸ್ವಯಂಸೇವಾ ವರ್ಷವನ್ನು ಮುಗಿಸಿ, ಅಲ್ಲಿಯೇ ಉನ್ನತ ವ್ಯಾಸಂಗ ಮುಂದುವರಿಸಬೇಕೆಂದಿರುವ ವಿದ್ಯಾರ್ಥಿಗಳಿಗೆ ಜಯನಗರದ ಈ ಪುಟ್ಟ ಜರ್ಮನ್ ತರಗತಿಯನ್ನು ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಇಲ್ಲಿನ ಶಿಕ್ಷಕಿ ವ್ಯಾಕರಣವನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಮಾತನಾಡಿಸುವುದಕ್ಕೆ ಹೆಚ್ಚು ಸಮಯ ಕೊಡುತ್ತಾರೆ. ಒಮ್ಮೆ ಮಾತ್ರೆಗಳ ಡಬ್ಬಿಯೊಂದನ್ನು ನನ್ನ ಕೈಗಿತ್ತು, ಬೆಳಗಿನದು ಯಾವುದು, ರಾತ್ರಿಯದು ಯಾವುದು ಎಂದು ಕಿವಿ ಮಂದವಾದ ಅಜ್ಜಿಗೆ ಗೌರವ ತಪ್ಪದಂತೆ ವಿವರಿಸಲು ಹೇಳಿದರು. ಸ್ವಯಂಸೇವಕರಾಗಿ ವೃದ್ಧಾಶ್ರಮದಲ್ಲಿ ದುಡಿಯಲಿರುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ.

ಆದರೆ ಇಲ್ಲಿ ಆಲಿಸುವ ಅಭ್ಯಾಸ ಸಾಕಷ್ಟು ಸಿಗುವುದಿಲ್ಲ. ಜರ್ಮನ್ ಭಾಷಾ ಸಂಸ್ಥೆಯಾದ ಗೋಥೆ ಇನ್‌ಸ್ಟಿಟ್ಯೂಟ್‌ನ ಬಿ1 ಎಂಬ ಮಧ್ಯಮ ಹಂತದ ಪರೀಕ್ಷೆಯಲ್ಲಿ ಓದು, ಆಲಿಸುವಿಕೆ, ಬರವಣಿಗೆ, ಮಾತು ಎಂಬ ನಾಲ್ಕೂ ಭಾಗಗಳಲ್ಲಿ ನೂರಕ್ಕೆ ತಲಾ 60 ಅಂಕ ಬೇಕಾಗುವುದರಿಂದ ಈ ಕೊರತೆ ಸಣ್ಣದಲ್ಲ. ಆ ಹಂತ ತಲುಪಲು ಕಾಲ ಹಿಡಿಯುತ್ತದೆ. ಕೊನೆಯ ಸೆಮಿಸ್ಟರ್‌ವರೆಗೆ ಕಾಯದೆ ಎರಡನೆಯ ವರ್ಷದಲ್ಲೇ ಸೇರಿಕೊಳ್ಳುವುದು ಒಳಿತು.