ಮಗಳ ಮಂಡಿನೋವಿಗೆ ಸಿಕ್ಕ ಸರಿಯಾದ ಉತ್ತರ
13 ವರ್ಷದ ಓಟಗಾರ್ತಿ ಮಗಳ ಮಂಡಿಚಿಪ್ಪಿನ ಹೊರಬದಿಯ ಮೇಲ್ತುದಿಯನ್ನು ಮುಟ್ಟಿದರೆ ಸಾಕು, ಅವಳು ಕಾಲು ಹಿಂದೆಳೆದುಕೊಳ್ಳುತ್ತಿದ್ದಳು. ಮೊದಲು ತೋರಿಸಿದ ಕಡೆ ಎಕ್ಸ್‌ರೇಯಲ್ಲಿ ಗೆರೆ ಕಂಡದ್ದೇ ತಡ, ಮೂಳೆ ಮುರಿದಿದೆ ಎಂದುಬಿಟ್ಟಿದ್ದರು. ಈ ಕ್ರೀಡಾ ಚಿಕಿತ್ಸಾಲಯದ ವೈದ್ಯರು ಅದೇ ಚಿತ್ರವನ್ನು ಬೆಳಕಿಗೆ ಹಿಡಿದು, ಹೊಸ ಮುರಿತದ ಅಂಚು ಚೂಪಾಗಿರುತ್ತದೆ, ಇಲ್ಲಿ ಅದು ನುಣುಪಾಗಿ ದುಂಡಗಿದೆ, ಬೆಳೆಯುವಾಗ ಚಿಪ್ಪಿನ ಎರಡು ಭಾಗಗಳು ಬೆಸೆದುಕೊಳ್ಳದೆ ಉಳಿದಿವೆ ಎಂದು ಬೆರಳಿಟ್ಟು ತೋರಿಸಿದರು. ಇಂಥ ಚಿಪ್ಪು ಅನೇಕರಿಗೆ ನೋವನ್ನೇ ಕೊಡುವುದಿಲ್ಲವಾದ್ದರಿಂದ, ನೋವಿನ ಮೂಲ ಅದೇ ಎಂದು ಖಚಿತಪಡಿಸಿಕೊಳ್ಳಲು ಎಂಆರ್‌ಐ ಕೂಡ ಮಾಡಿಸಿದರು. ಶಸ್ತ್ರಚಿಕಿತ್ಸೆಯನ್ನು ಕೊನೆಯ ದಾರಿಯೆಂದು ಬದಿಗಿಟ್ಟು, ಜಿಗಿತ ನಿಲ್ಲಿಸಿ ತೊಡೆಯ ಮುಂಭಾಗದ ಸ್ನಾಯು ಸಡಿಲಿಸುವ ವ್ಯಾಯಾಮ ಕಲಿಸಿದರು. ಪ್ರತಿ ಭೇಟಿಗೂ ಬಹಳ ಕಾಯಬೇಕಾಯಿತು. ಆದರೂ 12 ವಾರಗಳ ನಂತರ ಅವಳು ಕಂಬಿ ಹಿಡಿಯದೆ ಮೆಟ್ಟಿಲಿಳಿಯುತ್ತಿದ್ದಾಳೆ.