ಗಸಗಸೆಯಷ್ಟು ಅಂಟು ಹಾಕಲು ಯಾವುದು ಚಲೋ?

ಹೋಳಿ ಮುಗಿದು ಶರಣಬಸವೇಶ್ವರರ ತೇರು ಎಳೆದಾದ ಮೇಲೆ ಕಲಬುರಗಿಯ ಬಿಸಿಲು ಯಾರ ಮಾತೂ ಕೇಳುವುದಿಲ್ಲ. ನನ್ನ ಮೇಜಿಗೆ ತಂಬೂರಿಗಳು ರಿಪೇರಿಗೆ ಬಂದು ಕೂಡುವುದೂ ಆಗಲೇ. ತಂಬೂರಿಯ ಬುರುಡೆ ಎಷ್ಟೇ ಪಾಲಿಶ್ ಹೊಡೆದರೂ ಒಣಗಿದ ಸೋರೆಕಾಯಿಯ ಚಿಪ್ಪು. ಗಾಳಿಯ ತೇವ ಇಳಿದಂತೆ ಕುಗ್ಗುತ್ತದೆ, ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಸೀಳುತ್ತದೆ. ಹೋದ ವರ್ಷ ಒಂದು ಭಜನಾ ಮಂಡಳಿಯ ಅಜ್ಜಾರು ಧೋತರದಲ್ಲಿ ಸುತ್ತಿಕೊಂಡು ತಂದಿದ್ದರು. "ಮಾಸ್ತರ, ಹ್ವಾದ ವಾರ ಚಲೋ ಇತ್ರೀ. ನಿನ್ನಿ ತೆಗದು ನೋಡಿದ್ರ ಬಾಯಿ ಬಿಟ್ಟಾದ."

ಇಂಥ ಸೀಳಿಗೆ ನೀರಿನಂತೆ ತೆಳ್ಳಗಿರುವ ಸೂಪರ್ ಗ್ಲೂ ಸರಿ. ನಮ್ಮ ಕಡೆ ಯಾವ ಕಂಪನಿಯದಿದ್ದರೂ ಅದನ್ನು ಫೆವಿಕ್ವಿಕ್ ಅಂತಲೇ ಕೇಳುತ್ತೇವೆ. ಸೀಳಿನ ಬಾಯಿಗೆ ಮುಟ್ಟಿಸಿದರೆ ಸಾಕು, ದೀಪದ ಬತ್ತಿ ಎಣ್ಣೆ ಎಳೆದಂತೆ ತಾನೇ ಒಳಗೆ ಹೋಗುತ್ತದೆ. ತೊಂದರೆ ಇರುವುದು ಅಳತೆಯಲ್ಲಿ. ಟ್ಯೂಬಿನ ಮೂತಿಯಿಂದಲೇ ಒತ್ತಿದೆ. ಹೆಬ್ಬೆರಳು ತುಸು ಜಾಸ್ತಿ ಅದುಮಿತು, ಜೋಳದ ಕಾಳಿನಷ್ಟು ಹನಿ ಬಿತ್ತು. ಅರ್ಧ ಸೀಳಿಗೆ ಹೋಯಿತು, ಉಳಿದರ್ಧ ಬುರುಡೆಯ ಹೊಟ್ಟೆಯ ಮೇಲೆ ಇಳಿದು ಬೆಳ್ಳನೆ ಗೆರೆ ಬಿಟ್ಟಿತು. ಉಗುರುಬಣ್ಣ ತೆಗೆಯುವ ಅಸಿಟೋನ್ ಹಚ್ಚಿದರೆ ಅಂಟು ಕರಗುತ್ತದೆ ನಿಜ, ಆದರೆ ಅದರ ಕೆಳಗಿರುವ ಅರಗಿನ ಪಾಲಿಶ್ ಕೂಡ ಎದ್ದು ಬರುತ್ತದೆ. ಅಂಟಿಸುವ ಕೆಲಸ ಹತ್ತು ನಿಮಿಷದ್ದು, ಪಾಲಿಶ್ ಕೂಡಿಸಲು ಮೂರು ದಿನ ಹಿಡಿಯಿತು. ಅಜ್ಜಾರ ಹತ್ತಿರ ಆ ಮೂರು ದಿನದ ಕೂಲಿ ಕೇಳಲು ನನಗೆ ಬಾಯಿ ಬರಲಿಲ್ಲ.

ಆಮೇಲೆ ಅಗ್ಗದಲ್ಲಿ ಸಿಗುವ ಎಲ್ಲವನ್ನೂ ತಂದಿಟ್ಟುಕೊಂಡು ಒಡೆದ ಹಳೆಯ ಬುರುಡೆಯ ಚೂರುಗಳ ಮೇಲೆ ಪರೀಕ್ಷೆ ಮಾಡಿದೆ. ಎಷ್ಟು ಸಣ್ಣ ಹನಿ ಬೀಳುತ್ತದೆ, ಎಷ್ಟು ಹೊತ್ತಿಗೆ ಮೂತಿ ಕಟ್ಟುತ್ತದೆ, ಒಂದು ಕೆಲಸಕ್ಕೆ ಎಷ್ಟು ಖರ್ಚು ಬೀಳುತ್ತದೆ ಎಂಬುದಷ್ಟೇ ನಾನು ನೋಡಿದ್ದು.

ಮೊದಲು ಸಿರಿಂಜು. ಅಳಿಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. "ಮಾಮಾ, ಸಕ್ಕರಿ ರೋಗದವರು ಚುಚ್ಚಿಕೊಳ್ಳೋ ಸೂಜಿ ಭಾಳ ಸಣ್ಣದಿರ್ತದ, ಅದನ್ನ ಹಚ್ರಿ" ಎಂದು ಎರಡು ಇನ್ಸುಲಿನ್ ಸಿರಿಂಜು ತಂದುಕೊಟ್ಟ. ಮೊದಲ ಹನಿ ನೋಡಿ ಖುಷಿಯಾಯಿತು, ರಾಗಿ ಕಾಳಿನಷ್ಟು ಚೊಕ್ಕ. ಎರಡನೆಯ ಸೀಳಿಗೆ ಹೋಗುವಷ್ಟರಲ್ಲಿ ಸೂಜಿ ಕಟ್ಟಿತು. ಈ ಅಂಟು ಗಟ್ಟಿಯಾಗುವುದು ಗಾಳಿಯ ಮತ್ತು ಮೇಲ್ಮೈಯ ತೇವದಿಂದ. ಕೂದಲಿನಂಥ ಉಕ್ಕಿನ ಕೊಳವೆಯೊಳಗೆ ಅಂಟು ಇರುವುದೇ ಚೂರು, ಸುತ್ತಲಿನ ಗೋಡೆಯೇ ಜಾಸ್ತಿ. ಕಟ್ಟಿದ ಸೂಜಿಯನ್ನು ನಾನು ಬಲವಾಗಿ ಒತ್ತಿದೆ. ಗಂಟು ಬಿಟ್ಟು ಅಂಟು ಪಿಚಕಾರಿಯಂತೆ ಹಾರಿ ಕನ್ನಡಕದ ಗಾಜಿಗೆ ಬಡಿಯಿತು. ಕನ್ನಡಕ ಇಲ್ಲದಿದ್ದರೆ ಈ ಬರಹ ಇನ್ಯಾರೋ ಬರೆಯಬೇಕಿತ್ತು. ಒಳಗಿನ ರಬ್ಬರ್ ಕೂಡ ಅಂಟಿಗೆ ಉಬ್ಬಿ ಬಿಗಿಯುತ್ತದೆ, ಅದಕ್ಕೇ ಕೈ ತಪ್ಪುವುದು. ಒಂದಕ್ಕೆ ಹತ್ತು ರೂಪಾಯಿಯ ಆಸುಪಾಸು, ಒಂದೇ ಸಲದ ಬಾಳಿಕೆ. ಎಲ್ಲರೂ ಹೇಳುವ ಉಪಾಯ ಇದೇ, ನಾನು ಬೇಡ ಎನ್ನುವುದೂ ಇದನ್ನೇ.

ಕಡ್ಡಿಗಳದ್ದು ಬೇಗ ಹೇಳಿ ಮುಗಿಸುತ್ತೇನೆ. ಹಲ್ಲುಕಡ್ಡಿ, ಊದಿನಕಡ್ಡಿಯ ಬಿದಿರು ಎರಡೂ ಅಂಟನ್ನು ತಾವೇ ಕುಡಿಯುತ್ತವೆ, ಹೊಟ್ಟೆ ತುಂಬಿದ ಮೇಲೆ ಮಿಕ್ಕಿದ್ದನ್ನು ಒಮ್ಮೆಲೇ ಬಿಡುತ್ತವೆ. ದಪ್ಪ ಜೆಲ್ ಅಂಟಿಗೆ ನಡೆಯುತ್ತದೆ. ಕಿವಿಕಡ್ಡಿಯ ಪೊಳ್ಳು ಪ್ಲಾಸ್ಟಿಕ್ ದಂಟು ಮೊದಲು ಒಳ್ಳೆಯ ನಳಿಕೆಯಾಗಿತ್ತು. 2022ರ ಜುಲೈನಲ್ಲಿ ಪ್ಲಾಸ್ಟಿಕ್ ದಂಟಿನವು ನಿಷೇಧವಾದವು, ಈಗಿನ ಕಾಗದದ್ದು ಯಾತಕ್ಕೂ ಬರುವುದಿಲ್ಲ. ಅದರ ಹತ್ತಿಯ ತುದಿಯನ್ನಂತೂ ಅಂಟಿನ ಹತ್ತಿರ ತರಬೇಡಿ. ಹತ್ತಿಗೂ ಈ ಅಂಟಿಗೂ ಕೂಡಿದರೆ ಹೊಗೆ ಏಳುವಷ್ಟು ಬಿಸಿಯಾಗುತ್ತದೆ, ಬೆರಳು ಸುಡುತ್ತದೆ. ಖಾಲಿ ಬಾಲ್‌ಪೆನ್ ರೀಫಿಲ್ ಕಾಯಿಸಿ ಎಳೆದದ್ದೂ ಉಂಟು. ಖಾಲಿ ಅಂದುಕೊಂಡದ್ದು ಖಾಲಿ ಇರಲಿಲ್ಲ, ಸೀಳಿನುದ್ದಕ್ಕೂ ನೀಲಿ ಗೆರೆ ಮೂಡಿತು.

ಉದ್ದ ಸೀಳಿಗೆ ಗೆದ್ದದ್ದು ಪ್ಲಾಸ್ಟಿಕ್ ಪಿಪೆಟ್ಟು. ಲ್ಯಾಬಿನವರು ಒಮ್ಮೆ ಬಳಸಿ ಎಸೆಯುವ, ತುದಿಯಲ್ಲಿ ಬುಗ್ಗೆ ಇರುವ ಮೆತ್ತನೆಯದು. ಕಟ್ಟಿನಲ್ಲಿ ತರಿಸಿದರೆ ನನಗೆ ಒಂದಕ್ಕೆ ಎರಡು-ಮೂರು ರೂಪಾಯಿ ಬಿತ್ತು. ಹಾಗೇ ಬಳಸಿದರೆ ಇದೂ ಜೋಳದ ಕಾಳನ್ನೇ ಬೀಳಿಸುತ್ತದೆ. ಅದರ ದಂಟನ್ನು ಮೇಣದಬತ್ತಿಯ ಉರಿಗೆ ಮುಟ್ಟಿಸದೆ ಮೇಲ್ಗಡೆ ತಿರುಗಿಸುತ್ತಿರಬೇಕು. ಮಂಜಾಗಿದ್ದದ್ದು ಗಾಜಿನಂತೆ ತಿಳಿಯಾದ ಕೂಡಲೇ ಉರಿಯಿಂದ ಆಚೆ ತಂದು ಎರಡೂ ಕೈಯಿಂದ ನಿಧಾನ ಎಳೆಯಬೇಕು, ಶಾವಿಗೆ ಎಳೆದಂತೆ ಸಣ್ಣಗಾಗುತ್ತದೆ. ಉರಿಯಲ್ಲೇ ಎಳೆದರೆ ತುಂಡಾಗುತ್ತದೆ. ಆರಿದ ಮೇಲೆ ಬೇಕಾದ ಸಣ್ಣತನದಲ್ಲಿ ಬ್ಲೇಡಿನಿಂದ ಕತ್ತರಿಸಿದರೆ ಮುಗಿಯಿತು. ಪಾಲಿಥೀನಿಗೆ ಈ ಅಂಟು ಅಷ್ಟಾಗಿ ಹತ್ತುವುದಿಲ್ಲವಾದ್ದರಿಂದ ಬೇಗ ಕಟ್ಟುವುದಿಲ್ಲ, ಕಟ್ಟಿದರೂ ಒಂದೆರಡು ಮಿಲಿಮೀಟರ್ ಕತ್ತರಿಸಿ ಮುಂದುವರಿಸಬಹುದು.

ಇದರಲ್ಲೂ ಒಂದು ಕೊಸರು ಉಂಟು. ಬುಗ್ಗೆ ಹಿಡಿದು ಕೂತರೆ ಅಂಗೈಯ ಕಾವಿಗೆ ಒಳಗಿನ ಗಾಳಿ ಹಿಗ್ಗಿ, ಒತ್ತದೆಯೇ ಹನಿ ಇಳಿಯುತ್ತದೆ. ಮೇ ತಿಂಗಳಲ್ಲಿ ನಮ್ಮ ಅಂಗೈ ಕಾವು ಕೇಳಬೇಕೆ! ದಂಟನ್ನು ಹಿಡಿಯಿರಿ, ಬುಗ್ಗೆಯನ್ನು ಬೇಕಾದಾಗ ಮಾತ್ರ ಮುಟ್ಟಿ.

ಆನ್‌ಲೈನಿನಲ್ಲಿ ಸಿಗುವ ಟೆಫ್ಲಾನ್ ನಳಿಕೆಯನ್ನೂ ತರಿಸಿದ್ದೆ. ಟ್ಯೂಬಿನ ಮೂತಿಗೆ ಸಿಕ್ಕಿಸಿದರೆ ಬಾಗಿ ಬಳುಕಿ ಮೂಲೆಗೂ ಹೋಗುತ್ತದೆ, ಕಟ್ಟುವುದು ಎಲ್ಲದಕ್ಕಿಂತ ಕಡಿಮೆ. ದಿನಾ ಹತ್ತು ವಾದ್ಯ ಬರುವ ಅಂಗಡಿಗೆ ಅದೇ ಸರಿ. ವಾರಕ್ಕೆರಡು ಬರುವ ನನಗೆ ಸಾಗಣೆ ಖರ್ಚೂ ಹುಟ್ಟಲಿಲ್ಲ.

ಇನ್ನು ನನ್ನ ಮೆಚ್ಚಿನದು, ಮನೆಯ ಹೊಲಿಗೆ ಸೂಜಿ. ಕಣ್ಣಿನ ಮೇಲ್ತುದಿಯನ್ನು ಕಟಿಂಗ್ ಪ್ಲೇಯರಿನಿಂದ ಕತ್ತರಿಸಿದರೆ ಎರಡು ಕೋಡಿನ ಪುಟ್ಟ ಕವೆ ಉಳಿಯುತ್ತದೆ. ಚೂರು ಸಿಡಿಯುತ್ತದೆ, ಬಟ್ಟೆ ಮುಚ್ಚಿ ಕತ್ತರಿಸಿ. ಚೂಪು ತುದಿಯನ್ನು ಜೋಳದ ಕಣಕಿಯ ತುಂಡಿಗೆ ಚುಚ್ಚಿದರೆ ಅದೇ ಹಿಡಿಕೆ. ತೊಳೆದು ಒಣಗಿಸಿದ ಹಾಲಿನ ಪಾಕೀಟಿನ ಚೂರಿನ ಮೇಲೆ ಎರಡು ಹನಿ ಅಂಟು ಹಾಕಿ, ಕವೆಯನ್ನು ಅದ್ದಿ ಎತ್ತಿದರೆ ಕೋಡುಗಳ ನಡುವೆ ಗಸಗಸೆಯಷ್ಟು ಅಂಟು ನಿಲ್ಲುತ್ತದೆ. ಸೀಳಿಗೆ ತಾಗಿಸಿದ ಕ್ಷಣ ಸರ್ರನೆ ಒಳಗೆ ಹೋಗುತ್ತದೆ. ಪ್ರತಿಸಲವೂ ಅದೇ ಅಳತೆ, ಯಾಕಂದರೆ ಅಳೆಯುವುದು ನನ್ನ ಹೆಬ್ಬೆರಳಲ್ಲ, ಸೂಜಿಯ ಕಣ್ಣು. ಜಾಸ್ತಿ ಬೇಕಾದರೆ ದಬ್ಬಣದ ಕಣ್ಣು ಕತ್ತರಿಸಿದ್ದೊಂದು ಇದೆ. ಅಂಟು ಮೆತ್ತಿ ದಪ್ಪಗಾದಾಗ ಅಂಗಳಕ್ಕೆ ಹೋಗಿ, ಗಾಳಿಗೆ ಬೆನ್ನು ಮಾಡಿ, ಇಕ್ಕಳದಲ್ಲಿ ಹಿಡಿದು ಉರಿಗೆ ಒಡ್ಡುತ್ತೇನೆ. ಆ ಹೊಗೆ ಕಣ್ಣಿಗೂ ಮೂಗಿಗೂ ಕೆಟ್ಟದ್ದು, ಮನೆಯೊಳಗೆ ಬೇಡ. ಹೊಗೆಗೆ ಹೆದರುವವರು ಅಸಿಟೋನಿನಲ್ಲಿ ನೆನೆಹಾಕಬಹುದು, ತಡವಾಗುತ್ತದೆ ಅಷ್ಟೇ.

ಇದರ ಕೊರತೆ ನಿಧಾನ. ಗೇಣುದ್ದದ ಸೀಳಿಗೆ ಹತ್ತಾರು ಸಲ ಅದ್ದಬೇಕು, ಅಷ್ಟರಲ್ಲಿ ಮೊದಲು ಹಾಕಿದ್ದು ಬಿಗಿದು ಸೀಳಿನ ಎರಡು ಅಂಚು ಹೆಚ್ಚುಕಡಿಮೆಯಾಗಿ ನಿಲ್ಲಬಹುದು. ಹಾಗಾಗಿ ಬೆರಳುದ್ದಕ್ಕಿಂತ ಜಾಸ್ತಿ ಇದ್ದರೆ ಪಿಪೆಟ್ಟು, ಕಡಿಮೆ ಇದ್ದರೆ ಸೂಜಿ. ಗಿಟಾರಿನ ನಟ್ಟಿನಲ್ಲಿ, ಅಂದರೆ ಕೊರಳ ತುದಿಯಲ್ಲಿ ತಂತಿಗಳನ್ನು ಹೊರುವ ಪಟ್ಟಿಯಲ್ಲಿ, ತಂತಿ ಕೂತು ಸವೆದ ಕಚ್ಚಿಗೆ ಅಡುಗೆ ಸೋಡಾ ತುಂಬಿ ಅಂಟು ಮುಟ್ಟಿಸುವ ಕೆಲಸಕ್ಕೂ ಸೂಜಿಯೇ. ಸೋಡಾ ತಾಗಿದ ಕೂಡಲೇ ಅಂಟು ಕಲ್ಲಾಗುತ್ತದೆ, ಅಲ್ಲಿ ದೊಡ್ಡ ಹನಿ ಬಿದ್ದರೆ ಪಕ್ಕದ ಕಚ್ಚೂ ಮುಚ್ಚಿತು ಅಂತಲೇ ಲೆಕ್ಕ.

ಪರೀಕ್ಷೆಯಲ್ಲಿ ಗೊತ್ತಾದ ಇನ್ನೊಂದು ಸಂಗತಿ ಕೂಲರಿನದು. ಬೇಸಿಗೆಯಲ್ಲಿ ನೀರಿನ ಕೂಲರ್ ಹಚ್ಚಿಕೊಂಡು ಕೂತಾಗ ಪಾಕೀಟಿನ ಮೇಲಿನ ಹನಿ ಬೇಗ ಕೆನೆ ಕಟ್ಟುತ್ತಿತ್ತು, ಬಂದ್ ಮಾಡಿದರೆ ಆರಾಮಾಗಿ ಕೆಲಸ ಕೊಡುತ್ತಿತ್ತು. ಒದ್ದೆ ಗಾಳಿಯ ಪ್ರತಾಪ. ಮಳೆಗಾಲದಲ್ಲಿ ಒಂದೊಂದೇ ಹನಿ ಹಾಕಿಕೊಳ್ಳುತ್ತೇನೆ. ಅಂಟಿನ ಬಾಟಲಿ ಮಾತ್ರ ಫ್ರಿಜ್ಜಿನಲ್ಲೇ ಇರುತ್ತದೆ. ತೆಗೆದ ತಕ್ಷಣ ಮುಚ್ಚಳ ಬಿಚ್ಚಿದರೆ ಒಳಗೆ ಬೆವರು ಕೂತು ಅಂಟು ಕೆಡುತ್ತದೆ, ಹೊರಗಿಟ್ಟು ಒಂದು ಚಹಾ ಕುಡಿದು ಬರಬೇಕು.

ಹಾರ್ಮೋನಿಯಂ ಮನೆಯ, ಅಂದರೆ ಬೆರಳಿನಿಂದ ಒತ್ತುವ ಪಟ್ಟಿಯ, ಮೇಲಿನ ಪ್ಲಾಸ್ಟಿಕ್ ಹೊದಿಕೆ ಎದ್ದಿದ್ದರೆ ಸೂಜಿಯಿಂದಲೇ ಕೂಡಿಸುತ್ತೇನೆ, ಆದರೆ ಆ ಮನೆಯನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದುಕೊಂಡು. ಪೆಟ್ಟಿಗೆಯೊಳಗೆ ಗಾಳಿಗೆ ನಡುಗಿ ಸ್ವರ ಹೊರಡಿಸುವ ಲೋಹದ ಪತ್ತಿಯ ಕೆಳಗೆ ಗಸಗಸೆಯಷ್ಟೇ ಅಂಟು ಹರಿದರೂ ಆ ಸ್ವರ ಮೂಕಾಗುತ್ತದೆ, ಅಲ್ಲಿ ಯಾವ ಸೂಜಿಯನ್ನೂ ಒಯ್ಯುವುದಿಲ್ಲ.

ಅಂದಹಾಗೆ ಈವರೆಗೆ ಮನೆಯ ಏಳು ಸೂಜಿಗಳ ಕಣ್ಣು ಹೋಗಿದೆ. ಮೊನ್ನೆ ಅಂಗಿಯ ಗುಂಡಿ ಹಚ್ಚಲು ಕೂತ ನನ್ನಾಕೆ ದಾರ ಪೋಣಿಸಿ ಪೋಣಿಸಿ ಸಾಕಾಗಿ, "ಏನ್ರೀ, ನನ್ನ ಕಣ್ಣ ಹೋಗ್ಯಾವೋ, ಸೂಜಿದ್ ಹೋಗ್ಯಾವೋ?" ಎಂದು ಕೇಳಿದಳು. ಸಂಜೆ ಸೂಪರ್ ಮಾರ್ಕೆಟಿಗೆ ಹೋಗಿ ಎರಡು ಪಾಕೀಟು ಸೂಜಿ ತಂದೆ, ಒಂದು ಅವಳಿಗೆ.