ಫ್ಯೂಯಲ್ ಕಟ್ ತೆಗೆದುಕೊಡ್ತೀನಿ ಅನ್ನುವ ಗ್ಯಾರೇಜಿಗೆ ಟರ್ಬೊ ಕಾರು ಬಿಡಬೇಡಿ

ಪುಣೆಯಲ್ಲಾಗಲಿ ಮುಂಬೈಯಲ್ಲಾಗಲಿ ಹಳೆಯ ಟರ್ಬೊ ಕಾರು ಇಟ್ಟುಕೊಂಡವರು, ಅದರಲ್ಲೂ ರೋಟರಿ ಇಂಜಿನ್ (ಪಿಸ್ಟನ್ ಬದಲು ತ್ರಿಕೋನದ ರೋಟರ್ ತಿರುಗುವ ಇಂಜಿನ್) ಇರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಮಜ್ದಾ ಆರ್‌ಎಕ್ಸ್-7ರ ಇಂಜಿನ್ ಹೋಗಿದೆ. ತಾನಾಗಿ ಹೋದದ್ದಲ್ಲ. ಅದನ್ನು ಕಾಯುತ್ತಿದ್ದ ಫ್ಯೂಯಲ್ ಕಟ್ ಅನ್ನುವ ಒಂದೇ ಒಂದು ವ್ಯವಸ್ಥೆಯನ್ನು ನನಗೆ ಹೇಳದೆ ಕೇಳದೆ ಸುಮ್ಮನಾಗಿಸಿದ್ದಕ್ಕೆ ಹೋಯಿತು. ಬರೆಯುವಾಗಲೂ ಸಿಟ್ಟು ಇಳಿದಿಲ್ಲ. ಮನೆಯಲ್ಲಿ ಮುಖ ತೋರಿಸಲು ನಾಚಿಕೆಯಾಗುತ್ತಿದೆ.

ಕಾರು ಎಫ್‌ಡಿ, 1991ರಿಂದ 2002ರವರೆಗೆ ಬಂದ ಮಾಡೆಲ್. 1308 ಸಿಸಿ, ಎರಡು ರೋಟರ್, ಎರಡು ಟರ್ಬೊ. ಕಂಪನಿಯ ಬೂಸ್ಟ್, ಅಂದರೆ ಟರ್ಬೊ ಇಂಜಿನ್ನಿಗೆ ತಳ್ಳುವ ಗಾಳಿಯ ಒತ್ತಡ, ಸುಮಾರು 10 ಪಿಎಸ್‌ಐ, 4500 ಆರ್‌ಪಿಎಂ ಹತ್ತಿರ ಎರಡನೇ ಟರ್ಬೊ ಸೇರುವಾಗ 8ಕ್ಕೆ ಇಳಿದು ಮತ್ತೆ 10. ನನ್ನ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಕೂಡ ಕಂಪನಿಯದ್ದೇ. ಗ್ಯಾರೇಜಿನವನಿಗೆ ಮೊದಲೇ ಹೇಳಿದ್ದೆ, ಇಸಿಯು ಬದಲಾಯಿಸುವಷ್ಟು ದುಡ್ಡು ಈಗಿಲ್ಲ, ಸ್ಟಾಕ್ ಇಸಿಯು ತಡೆದುಕೊಳ್ಳುವಷ್ಟೇ ಕೆಲಸ ಮಾಡಿ ಅಂತ. ಟರ್ಬೊ ಹಿಂದೆ ಹೊಗೆ ಶುದ್ಧ ಮಾಡುವ ಪ್ರೀ-ಕ್ಯಾಟ್ ತೆಗೆದು ಆ ಜಾಗಕ್ಕೆ ಖಾಲಿ ಪೈಪು, ಅಂದರೆ ಡೌನ್‌ಪೈಪ್ ಹಾಕಿ, ಬಾನೆಟ್ ಒಳಗಿನ ಬಿಸಿ ಕಡಿಮೆಯಾಗುತ್ತದೆ. ಗಟ್ಟಿಯಾದ ವ್ಯಾಕ್ಯೂಮ್ ಪೈಪು ಬದಲಾಯಿಸಿ. ಕೂಲಂಟಿನ ಪ್ಲಾಸ್ಟಿಕ್ ಟ್ಯಾಂಕ್ ಬಿರುಕು ಬಿಡುವುದು ಈ ಕಾರಿನ ಹಳೇ ರೋಗ, ಅದರ ಜಾಗಕ್ಕೆ ಅಲ್ಯೂಮಿನಿಯಂ ಟ್ಯಾಂಕ್ ಹಾಕಿ. ಇಷ್ಟೇ. ವಾಟ್ಸ್ಯಾಪ್‌ನಲ್ಲಿ ಬರೆದು ಕಳಿಸಿದ್ದೆ, ಈಗಲೂ ಇದೆ.

ಅವನು ಬೆಳಗಾವಿ ಕಡೆಯವನು. ಪುಣೆಯಲ್ಲಿ ಗ್ಯಾರೇಜು, ಬಾಯಿ ತುಂಬ ಕನ್ನಡ, ಹೋದ ಕೂಡಲೇ ಚಹಾ. ಹೆಸರು ಬರೆಯುವುದಿಲ್ಲ, ದೂರು ಕೊಟ್ಟಿದ್ದೇನೆ. ಕಾರು ತರಲು ಹೋದರೆ ಡೌನ್‌ಪೈಪ್ ಜೊತೆ ಮಿಡ್‌ಪೈಪ್, ಹಿಂದಿನ ಸೈಲೆನ್ಸರ್, ಮುಂದೆ ಏರ್ ಫಿಲ್ಟರ್ ಎಲ್ಲಾ ಬದಲಾಗಿದೆ! ನಾನು ಕೇಳಿದ್ದು ಒಂದು, ಹಾಕಿದ್ದು ನಾಲ್ಕು. "ಪೂರಾ ಎಕ್ಸಾಸ್ಟ್ ಹಾಕೀನ್ರಿ ಸರ, ಅರ್ಧಾ ಹಾಕಿದ್ರ ಏನ್ ಮಜಾ ಐತಿ? ರೊಕ್ಕ ಆಮ್ಯಾಲ ಕೊಡ್ರಿ" ಅಂದ. ಸ್ಟಾಕ್ ಇಸಿಯು ಇದನ್ನು ತಡೆಯುತ್ತಾ ಅಂತ ಅಲ್ಲೇ ನಿಂತು ಕೇಳಿದೆ. "ಏನೂ ಆಗಂಗಿಲ್ಲ ಸರ, ನನ್ನ ಮ್ಯಾಲ ಬಿಡ್ರಿ."

ಆಗುತ್ತದೆ. ಎಫ್‌ಡಿ ಗೊತ್ತಿದ್ದವರಿಗೆಲ್ಲ ಇದು ಗೊತ್ತು. ಬೂಸ್ಟ್ ಮಿತಿ ಮೀರದಂತೆ ಹೊಗೆಯನ್ನು ಟರ್ಬೊ ಪಕ್ಕದಿಂದ ಹೊರಬಿಡುವ ಬಾಗಿಲು ವೇಸ್ಟ್‌ಗೇಟ್, ಈ ಕಾರಿನಲ್ಲಿ ಅದು ಚಿಕ್ಕದು. ಎಕ್ಸಾಸ್ಟ್ ಪೂರ್ತಿ ಸಲೀಸಾದರೆ ಅದು ಪೂರಾ ತೆರೆದರೂ ಸಾಕಾಗುವುದಿಲ್ಲ, ಆರ್‌ಪಿಎಂ ಏರಿದ ಹಾಗೆ ಬೂಸ್ಟ್ ತಾನಾಗಿಯೇ ಏರುತ್ತಾ ಹೋಗುತ್ತದೆ. ಅಷ್ಟು ಗಾಳಿಗೆ ಬೇಕಾದ ಪೆಟ್ರೋಲಿನ ಲೆಕ್ಕ ಕಂಪನಿ ಇಸಿಯುನಲ್ಲಿ ಇಲ್ಲ. ಹಾಗಾಗಿಯೇ ಮಜ್ದಾದವರು ಒಂದು ಮಿತಿ ಇಟ್ಟಿದ್ದಾರೆ, ಒತ್ತಡ ಅದನ್ನು ದಾಟಿದರೆ ಇಸಿಯು ಪೆಟ್ರೋಲ್ ಕಡಿದುಬಿಡುತ್ತದೆ. ಅದೇ ಫ್ಯೂಯಲ್ ಕಟ್. ಕಾರು ಧಕ್ಕನೆ ಮುಗ್ಗರಿಸುತ್ತದೆ, ಎದೆ ಝಲ್ಲೆನ್ನುತ್ತದೆ, ಆದರೆ ಇಂಜಿನ್ ಉಳಿಯುತ್ತದೆ.

ನನ್ನ ಕಾರೂ ಹಾಗೇ ಮುಗ್ಗರಿಸತೊಡಗಿತು. ಫೋನ್ ಮಾಡಿದೆ. "ಸಣ್ಣ ಸೆಟಿಂಗ್ ಐತ್ರಿ ಸರ, ಗಾಡಿ ತೊಗೊಂಡ್ ಬರ್ರಿ." ಹೋದೆ. ಡ್ಯಾಶ್ ಕೆಳಗೆ ತಲೆ ಹಾಕಿ ಏನೋ ಮಾಡಿದ. ಏನು ಮಾಡಿದೆ ಅಂತ ಕೇಳಿದ್ದಕ್ಕೆ "ಸೆನ್ಸರ್ ವೈರ್ ಲೂಸ್ ಇತ್ರಿ, ಟೈಟ್ ಮಾಡೀನಿ" ಅಂದ. ಇದನ್ನು ನೆನಪಿಟ್ಟುಕೊಳ್ಳಿ. ಟೈಟ್ ಮಾಡೀನಿ ಅಂದ. ಆಮೇಲೆ ಕಾರು ಮುಗ್ಗರಿಸಲಿಲ್ಲ. ಬೆಣ್ಣೆಯಂತೆ ಎಳೆಯುತ್ತಿತ್ತು. ಅವನು ಕೇಳಿದಷ್ಟು ದುಡ್ಡನ್ನೂ ಕೊಟ್ಟೆ.

ಡಿಸೆಂಬರಿನ ಬೆಳಿಗ್ಗೆ ಮುಂಬೈಯಿಂದ ವಾಪಸ್ ಬರುತ್ತಿದ್ದೆ. ಎಕ್ಸ್‌ಪ್ರೆಸ್‌ವೇಯಲ್ಲಿ ಘಾಟಿ ಹತ್ತಿ ಲೋಣಾವಳ ದಾಟಿ ಕಾಮ್‌ಶೇತ್ ಹತ್ತಿರ ಒಂದು ಟ್ರಕ್ ಹಿಂದಿಕ್ಕಲು ಆಕ್ಸಿಲರೇಟರ್ ಒತ್ತಿದೆ. ಚಳಿಗೆ ಗಾಳಿ ದಟ್ಟವಾಗಿರುತ್ತದೆ, ಇಂಜಿನ್ನಿಗೆ ಇನ್ನೂ ಜಾಸ್ತಿ ಗಾಳಿ. ಒಂದು ಸಣ್ಣ ಟಪ್ ಸದ್ದು. ಅಷ್ಟೇ. ಎಳೆತ ಹೋಯಿತು, ಪಕ್ಕಕ್ಕೆ ನಿಲ್ಲಿಸಿದರೆ ಐಡ್ಲಿಂಗ್‌ನಲ್ಲಿ ಇಡೀ ಕಾರು ಕುಣಿಯುತ್ತಿದೆ. ಆಫ್ ಮಾಡಿದ್ದು ಮತ್ತೆ ಸ್ಟಾರ್ಟ್ ಆಗಲಿಲ್ಲ.

ಅದನ್ನು ಅವನ ಹತ್ತಿರ ಒಯ್ಯಲಿಲ್ಲ. ರೋಟರಿ ಬಲ್ಲ ಹಿರಿಯ ಮೆಕ್ಯಾನಿಕ್ ಒಬ್ಬರು ಮುಂಬೈ ಪಕ್ಕದ ಠಾಣೆ ಊರಿನಲ್ಲಿದ್ದಾರೆ, ಅಲ್ಲಿಗೆ ಲಾರಿಯಲ್ಲಿ ಹಾಕಿಸಿಕೊಂಡು ಹೋದೆ. ಅವರು ಕಂಪ್ರೆಶನ್ ನೋಡಿದರು. ಒಂದು ರೋಟರಿಗೆ ಮೂರು ಮುಖ, ಮೀಟರಿನ ಮುಳ್ಳು ಮೂರು ಸಲ ಒಂದೇ ಥರ ಬಡಿಯಬೇಕು. ಮುಂದಿನ ರೋಟರ್ ಸರಿಯಿತ್ತು. ಹಿಂದಿನದರಲ್ಲಿ ಎರಡು ಬಡಿತ ಸತ್ತಿದ್ದವು. ಏಪೆಕ್ಸ್ ಸೀಲ್, ಅಂದರೆ ರೋಟರಿನ ಮೂಲೆಯಲ್ಲಿರುವ ಲೋಹದ ಪಟ್ಟಿ, ಒಡೆದಿದೆ ಅಂದರು. ಒಡೆದ ಚೂರು ಎಕ್ಸಾಸ್ಟ್ ದಾರಿಯಲ್ಲೇ ಹೋಗಿ ಟರ್ಬೊದ ರೆಕ್ಕೆಯನ್ನೂ ತಿಂದಿದೆ.

ಆಮೇಲೆ ಅವರು ಡ್ಯಾಶ್ ಕೆಳಗೆ ಟಾರ್ಚ್ ಬಿಟ್ಟು ನನ್ನನ್ನು ಕರೆದರು. ವೈರಿಂಗಿಗೆ ಕಪ್ಪು ಟೇಪು ಸುತ್ತಿತ್ತು, ಹೊಸ ಟೇಪು. ಬಿಚ್ಚಿದರೆ ಒಳಗೆ ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ. ಪ್ರೆಶರ್ ಸೆನ್ಸರಿನ ವೈರು ಕತ್ತರಿಸಿ ನಡುವೆ ಸೇರಿಸಿದ್ದಾನೆ. "ಇದನ್ನು ಹಾಕಿಸಿದ್ದು ನೀವೇನಾ?" ಅಂತ ಕೇಳಿದರು. ನನಗೆ ಮಾತೇ ಹೊರಡಲಿಲ್ಲ. ಫ್ಯೂಯಲ್ ಕಟ್ ಡಿಫೆಂಡರ್. ನಿಜವಾದ ಬೂಸ್ಟ್ ಎಷ್ಟೇ ಏರಲಿ, ಸೆನ್ಸರಿನ ವೋಲ್ಟೇಜನ್ನು ಮಿತಿಯ ಕೆಳಗೇ ಹಿಡಿದು ಇಸಿಯುಗೆ ಸುಳ್ಳು ಹೇಳುತ್ತದೆ. ಈ ಇಸಿಯು ಪೆಟ್ರೋಲ್ ಎಷ್ಟು ಕೊಡಬೇಕು ಅಂತ ಲೆಕ್ಕ ಹಾಕುವುದೂ ಅದೇ ಸೆನ್ಸರ್ ನೋಡಿ. ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಅಷ್ಟೇ. ಮಿಶ್ರಣ ಲೀನ್ ಆಗಿ, ಅಂದರೆ ಪೆಟ್ರೋಲ್ ಸಾಲದೆ, ಡೆಟೊನೇಶನ್ ಆಗುತ್ತದೆ, ಅಂದರೆ ಮಿಶ್ರಣ ಹದವಾಗಿ ಉರಿಯದೆ ಸಿಡಿಯುತ್ತದೆ, ರೋಟರಿಯಲ್ಲಿ ಅದಕ್ಕೆ ಎರಡನೇ ಅವಕಾಶ ಇರುವುದಿಲ್ಲ. ಮನೆ ನಾಯಿಯ ಬಾಯಿ ಕಟ್ಟಿ ಇನ್ನು ಕಳ್ಳರ ಕಾಟ ಇಲ್ಲ ಅಂದ ಹಾಗಾಯಿತು.

ಟೈಟ್ ಮಾಡೀನಿ ಅಂದಿದ್ದ!

ಫೋನ್ ಮಾಡಿದೆ. ಮೊದಲು "ಇ20 ಪೆಟ್ರೋಲ್ ಸಲುವಾಗಿ ಹೋಗೇತ್ರಿ" ಅಂದ. ಎಥೆನಾಲ್ ಬೆರೆತರೆ ಮಿಶ್ರಣ ಇನ್ನಷ್ಟು ಲೀನ್ ಆಗುತ್ತದೆ, ಬೂಸ್ಟ್‌ನಲ್ಲಿ ಈ ಹಳೇ ಇಸಿಯು ಅದನ್ನು ಸರಿಮಾಡಿಕೊಳ್ಳುವುದಿಲ್ಲ, ನಿಜ. ಹಾಗಿದ್ದ ಮೇಲೆ ರಕ್ಷಣೆ ಯಾಕೆ ಕಿತ್ತೆ? ಅದಕ್ಕೆ "ರೋಟರಿ ಅಂದ್ರ ಹಂಗ ರೀ, ಯಾವತ್ತಿದ್ರೂ ಹೋಗಾದ ಐತಿ." ಡಬ್ಬಿಯ ಫೋಟೊ ಕಳಿಸಿದೆ. ನೀಲಿ ಟಿಕ್ ಬಿತ್ತು, ಉತ್ತರ ಇಲ್ಲ. ರಾತ್ರಿ ಒಂದು ವಾಯ್ಸ್ ಮೆಸೇಜ್ ಬಂತು: "ಧಕ್ಕಾ ಹೊಡೀತದ ಅಂದ್ರಿ, ತಗದ್ ಕೊಟ್ಟೀನಿ. ನೀವ್ ಹೇಳಿದ್ದ ಮಾಡೀನಿ ಸರ." ನಾನು ಹೇಳಿದ್ದಾ? ನಾನು ಹೇಳಿದ್ದು ಬರಹದಲ್ಲೇ ಇದೆ. ಡಬ್ಬಿ ಅನ್ನುವ ಶಬ್ದವನ್ನು ಅವನ ಬಾಯಿಂದ ಒಮ್ಮೆಯೂ ಕೇಳಿಲ್ಲ. ಬಿಲ್ಲಿನಲ್ಲೂ ಇಲ್ಲ, ಅಲ್ಲಿ ಬರೆದಿರುವುದು "ವೈರಿಂಗ್ ಕೆಲಸ" ಅಂತ ಮಾತ್ರ.

ಸ್ಟಾಕ್ ಇಸಿಯು ಇಟ್ಟುಕೊಂಡೇ ಮಾಡಿಸುವುದಾದರೆ ಎಲ್ಲಕ್ಕಿಂತ ಮೊದಲು ಬೂಸ್ಟ್ ಗೇಜ್ ಹಾಕಿಸಿ, ಸೈಲೆನ್ಸರ್ ಆಮೇಲೆ. ಸಾಧ್ಯವಾದರೆ ಗಾಳಿ-ಪೆಟ್ರೋಲ್ ಅನುಪಾತ ತೋರಿಸುವ ವೈಡ್‌ಬ್ಯಾಂಡ್ ಮೀಟರ್ ಕೂಡ, ಪೂರ್ತಿ ಬೂಸ್ಟ್‌ನಲ್ಲಿ ಅದು 11ರ ಆಸುಪಾಸು ತೋರಿಸಬೇಕು. ಡೌನ್‌ಪೈಪ್, ಮಿಡ್‌ಪೈಪ್, ಸೈಲೆನ್ಸರ್ ಮೂರೂ ಬೇಕಾದರೆ ಪವರ್ ಎಫ್‌ಸಿ ಅಥವಾ ಹಾಲ್ಟೆಕ್‌ನಂಥ ಬೇರೆ ಇಸಿಯು ಹಾಕಿಸಿ ಟ್ಯೂನ್ ಮಾಡಿಸಿದ ಮೇಲೆಯೇ. ಮುಗ್ಗರಿಸಿದರೆ ಕಾಲು ತೆಗೆಯಿರಿ, ಬೂಸ್ಟ್ ಯಾಕೆ ಏರಿತು ಅಂತ ಹುಡುಕಿಸಿ. ಮುಗ್ಗರಿಸುವುದನ್ನು ನಿಲ್ಲಿಸ್ತೀನಿ ಅಂತ ಡ್ಯಾಶ್ ಕೆಳಗೆ ಕೈ ಹಾಕುವವನ ಕೈಯಿಂದ ಕೀ ವಾಪಸ್ ತೊಗೊಳ್ಳಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಠಾಣೆಯ ಆ ಮೆಕ್ಯಾನಿಕ್ ಡಬ್ಬಿಯ ಬಗ್ಗೆ ಬರೆದುಕೊಟ್ಟಿದ್ದಾರೆ. ಇಂಜಿನ್ ಅಲ್ಲೇ ಬಿಚ್ಚಿ ಬಿದ್ದಿದೆ, ಸೀಲ್ ಮತ್ತು ಹೌಸಿಂಗ್ ಜಪಾನಿನಿಂದ ಬರಬೇಕು. ಆ ಪುಣೆ ಗ್ಯಾರೇಜಿನವನು ಮಾತ್ರ ನನ್ನ ಕಾರಿನ ಫೋಟೊವನ್ನೇ ಇನ್ನೂ ಜಾಹೀರಾತಿಗೆ ಹಾಕಿಕೊಂಡಿದ್ದಾನೆ. ಪುಣೆಯಲ್ಲಿ "ವೈರಿಂಗ್ ಕೆಲಸ" ಅಂತ ಬಿಲ್ ಕೊಟ್ಟ ಮೇಲೆ ನಿಮ್ಮ ಟರ್ಬೊ ಕಾರು ಮುಗ್ಗರಿಸುವುದು ನಿಂತಿದ್ದರೆ ಇವತ್ತೇ ಡ್ಯಾಶ್ ಕೆಳಗೆ ಟಾರ್ಚ್ ಬಿಡಿ. ಹೊಸ ಕಪ್ಪು ಟೇಪು ಕಂಡರೆ ಬಿಚ್ಚುವ ಮೊದಲು ಫೋಟೊ ತೆಗೆದು ನನಗೆ ಕಳಿಸಿ, ದೂರಿಗೆ ಸೇರಿಸುತ್ತೇನೆ.